ಹುಳುಮನೆಗೆ ಇಟ್ಟ ಕಿಟಕಿ ಅವ್ವನ ಕೋಣೆಗೆ ಇಡಲಿಲ್ಲ

ನಮ್ಮದು ಶಿವನಸಮುದ್ರದ ಹತ್ತಿರ ಖುಷ್ಕಿ ಜಮೀನು. ರಾಗಿ, ಹುರುಳಿ, ಒಂದಿಷ್ಟು ಹಿಪ್ಪುನೇರಳೆ. 2011ರಲ್ಲಿ ಹಳೇ ತೊಟ್ಟಿಮನೆ ಕೆಡವಿ ತಾರಸಿ ಮನೆ ಕಟ್ಟಿದೆವು. ಹೆಂಚು ಸೋರುತ್ತಿತ್ತು, ತೊಲೆಗೆ ಗೆದ್ದಲು ಹತ್ತಿತ್ತು. ಕೆಡವಿದ್ದು ತಪ್ಪು ಅನ್ನಲ್ಲ, ಕಟ್ಟಿದ ರೀತಿ ತಪ್ಪಾಯ್ತು.

ಮುಂದಿನ ಬೇಸಿಗೆಯಲ್ಲೇ ಅವ್ವ ಸಿಡುಕೋಕೆ ಶುರು ಮಾಡಿದಳು. ರಾತ್ರಿ ನಿದ್ದೆಯಿಲ್ಲ, ಹಗಲು ಯಾರ ಜೊತೆಗೂ ಮಾತಿಲ್ಲ. ವಯಸ್ಸಾಯ್ತು ಅಂದುಕೊಂಡೆವು. ನನಗೂ ಮಗನಿಗೂ ಸಣ್ಣಪುಟ್ಟದಕ್ಕೆಲ್ಲ ಜಗಳ. ವಾಸ್ತು ನೋಡುವವರೊಬ್ಬರು ಬಾಗಿಲು ತಿರುಗಿಸಿ ಅಂದರು.

ಕಾರಣ ಗೊತ್ತಾದದ್ದು ರೇಷ್ಮೆ ಹುಳುಮನೆಯಿಂದ. ದೊಡ್ಡ ಹುಳುಗಳಿಗೆ 24ರಿಂದ 26 ಡಿಗ್ರಿ ಶಾಖ ಇರಬೇಕು, ಗಾಳಿ ಆಡಬೇಕು. ಇಲ್ಲದಿದ್ದರೆ ಸೊಪ್ಪು ತಿನ್ನುವುದಿಲ್ಲ, ರೋಗ ಬೀಳುತ್ತದೆ. ಅದಕ್ಕೇ ಅಲ್ಲಿ ಎದುರುಬದುರು ಕಿಟಕಿ, ಮೇಲೆ ಗಾಳಿಕಿಂಡಿ, ಮಾಡಿನ ಮೇಲೆ ತೆಂಗಿನಗರಿ ಎಲ್ಲ ಇತ್ತು. ಒಂದು ಏಪ್ರಿಲ್ ರಾತ್ರಿ ಒಂಬತ್ತಕ್ಕೆ ಅಲ್ಲಿನ ಥರ್ಮಾಮೀಟರ್ ತಂದು ಅವ್ವನ ಕೋಣೆಯಲ್ಲಿ ನೇತುಹಾಕಿದೆ. ಹುಳುಮನೆಯಲ್ಲಿ 28 ಇತ್ತು, ಇಲ್ಲಿ 34. ನಾಚಿಕೆಯಾಯ್ತು.

ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು, ಹೊತ್ತು ಮುಳುಗಿದ ಮೇಲೆ ಒಳಗೆ ಬಿಡುತ್ತದೆ. ನಾವು ಮಲಗುವ ಹೊತ್ತಿಗೆ ತಾರಸಿ ಕಾದ ಹೆಂಚಿನ ಹಾಗೆ. ನಾಡಹೆಂಚು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಸಂದಿನಲ್ಲಿ ಬಿಸಿಗಾಳಿ ಹೊರಗೂ ಹೋಗುತ್ತದೆ. ತೊಟ್ಟಿಯ ಬಾಯಿ ಮಾಡುತ್ತಿದ್ದ ಕೆಲಸವೂ ಅದೇ. ನಮ್ಮ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯ್ತಂತೆ. ನಮ್ಮ ಮನೇಲಿ ಕರೆಂಟು ಇದ್ದರೂ ಫ್ಯಾನು ತಾರಸಿಯ ಬಿಸಿಗಾಳಿಯನ್ನೇ ಕೆಳಕ್ಕೆ ತಳ್ಳುತ್ತಿತ್ತು.

ಶಾಖ ಒಂದೇ ಅಲ್ಲ. ಹಳೇ ಮನೆಯ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತರೆ ಅವ್ವನಿಗೆ ಇಡೀ ಮನೆ ಕಾಣುತ್ತಿತ್ತು. ಯಾರು ಬಂದರು, ಯಾರು ಉಣ್ಣಲಿಲ್ಲ, ಕರು ಹಗ್ಗ ಬಿಚ್ಚಿಕೊಂಡಿತಾ, ಎಲ್ಲ ಅವಳ ಲೆಕ್ಕದಲ್ಲಿ. ಹೊಸ ಮನೆಯಲ್ಲಿ ಅವಳಿಗೆ ಸಿಕ್ಕಿದ್ದು ಹಿಂದಿನ ಕೋಣೆ. ಇದ್ದ ಒಂದು ಕಿಟಕಿಗೆ ಪಕ್ಕದ ಮನೆ ಗೋಡೆ. ಮಗಳು ಒಂದು ವಿಷಯ ಓದಿ ಹೇಳಿದಳು. ಅಮೆರಿಕದ ರೋಜರ್ ಉಲ್ರಿಚ್ ಎಂಬುವರು ಒಂದು ಆಸ್ಪತ್ರೆಯ ದಾಖಲೆ ನೋಡಿ 1984ರಲ್ಲಿ ಬರೆದರಂತೆ. ಪಿತ್ತಕೋಶದ ಆಪರೇಷನ್ ಆದವರಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದ 23 ಜನ, ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ಜನರಿಗಿಂತ ಬೇಗ ಮನೆಗೆ ಹೋದರು, ನೋವಿನ ಗಟ್ಟಿ ಔಷಧಿಯೂ ಕಮ್ಮಿ ಬೇಕಾಯ್ತು.

ಬಾಗಿಲು ತಿರುಗಿಸಲಿಲ್ಲ. ಪೂರ್ವಕ್ಕೆ ಐದಡಿ ಜಗುಲಿ ಕಟ್ಟಿ ಮಂಗಳೂರು ಹೆಂಚು ಹಾಕಿಸಿದೆ. ಮಧ್ಯಾಹ್ನದಿಂದ ಅಲ್ಲಿ ನೆರಳು. ಕೋಣೆಗಳ ಗೋಡೆಗೆ ಸೂರಿನ ಹತ್ತಿರ ಎದುರುಬದುರು ಗಾಳಿಕಿಂಡಿ ಒಡೆಸಿದೆ. ಪ್ರತಿ ಶಿವರಾತ್ರಿ ಹೊತ್ತಿಗೆ ತಾರಸಿಗೆ ಎರಡು ಕೈ ಸುಣ್ಣ ಬಳಿಯುತ್ತೇವೆ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಮುಂದಿನ ಏಪ್ರಿಲ್‌ನಲ್ಲಿ ಅದೇ ಹೊತ್ತಿಗೆ ನೋಡಿದರೆ 31. ಹುಳುಮನೆಯಷ್ಟು ತಂಪಾಗಲಿಲ್ಲ.

ಅವ್ವನ ಮಂಚ ಜಗುಲಿಗೆ ಬಂತು. ದಾರಿಲಿ ಹೋಗೋರನ್ನೆಲ್ಲ ಕೂಗಿ ಕೂರಿಸಿಕೊಳ್ಳುತ್ತಿದ್ದಳು, ಟೀ ಕಾಯಿಸಿ ಕಾಯಿಸಿ ನನ್ನ ಹೆಂಡತಿಗೆ ಸಾಕಾಗುತ್ತಿತ್ತು. ಮನೆ ಕಟ್ಟಿಸುವವರು ಗಾಳಿಕಿಂಡಿ ವಿಷಯ ಪಾಯ ಹಾಕುವಾಗಲೇ ಮೇಸ್ತ್ರಿಗೆ ಹೇಳಿಬಿಡಿ. ಆಮೇಲೆ ಒಡೆಸೋಕೆ ನನಗೆ ಒಂದು ಬೆಳೆ ಗೂಡಿನ ದುಡ್ಡು ಹೋಯ್ತು.