ಒಂಬತ್ತು ಪಿನ್ನಿನ ನಂಟು

ಕರಿಘಟ್ಟದ ಸುತ್ತಿನ ಊರುಗಳಲ್ಲಿ, ಶ್ರೀರಂಗಪಟ್ಟಣ, ಪಾಂಡವಪುರದ ಮನೆಗಳಲ್ಲಿ ತೊಂಬತ್ತರ ದಶಕದ ‘ಟಿವಿ ಗೇಮ್’ ಅಂದರೆ ಹಳದಿ ಕ್ಯಾಸೆಟ್ಟು, ಮರಿಯೊ, ಕಾಂಟ್ರಾ, ಜೊತೆಗೆ ವಾರ್ತೆ ನೋಡಬೇಕೆನ್ನುವ ಅಪ್ಪನ ಬೈಗುಳ. ಆ ಪೆಟ್ಟಿಗೆಗಳಲ್ಲಿ ಹೆಚ್ಚಿನವು ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್‌ನ ನಕಲು. ಅಸಲಿಯಲ್ಲಿ ರಿಮೋಟಿನ ವಯರು ಪೆಟ್ಟಿಗೆಗೇ ಅಂಟಿಕೊಂಡಿತ್ತು. ನಕಲಿನವರು ಅದನ್ನು ಬಿಚ್ಚಿ ಹಾಕುವಂತೆ ಮಾಡಲು ಹಲವೆಡೆ ಅಗ್ಗದ ಒಂಬತ್ತು ಪಿನ್ನಿನ ಪ್ಲಗ್ಗನ್ನೇ ಬಳಸಿದರು.

ಆಟದ ಲೋಕಕ್ಕೆ ಈ ಪ್ಲಗ್ಗನ್ನು ಪರಿಚಯಿಸಿದ್ದು 1977ರ ಅಟಾರಿ ಪೆಟ್ಟಿಗೆ. ಅದರ ವ್ಯವಸ್ಥೆ ಬಲು ಸರಳ: ಮೇಲೆ, ಕೆಳಗೆ, ಎಡ, ಬಲಕ್ಕೆ 1ರಿಂದ 4ನೇ ಪಿನ್, ಗುಂಡು ಹೊಡೆಯಲು 6, ಎಲ್ಲಕ್ಕೂ ಸೇರಿ 8ನೇ ಪಿನ್ ಗ್ರೌಂಡ್. ಗುಂಡಿ ಒತ್ತಿದರೆ ಎರಡು ವಯರು ಕೂಡುತ್ತವೆ, ಅಷ್ಟೆ. ಯಾರೂ ಕಟ್ಟಳೆ ಮಾಡದಿದ್ದರೂ ಕಮೋಡೋರ್ 64, ಅಮಿಗಾ, ಅಟಾರಿ ಎಸ್‌ಟಿ ಕಂಪ್ಯೂಟರುಗಳು ಇದೇ ಜಾಡು ಹಿಡಿದವು. ಒಂದರ ಜಾಯ್‌ಸ್ಟಿಕ್ ಇನ್ನೊಂದಕ್ಕೆ ನಡೆಯುತ್ತಿತ್ತು. ಸ್ಪೆಕ್ಟ್ರಮ್ ಕಂಪ್ಯೂಟರಿನ ವ್ಯವಹಾರವನ್ನು 1986ರಲ್ಲಿ ಕೊಂಡ ಆ್ಯಮ್‌ಸ್ಟ್ರಾಡ್ ಕಂಪನಿ ಮಾತ್ರ ಪ್ಲಗ್ಗನ್ನು ಹಾಗೇ ಉಳಿಸಿ ಒಳಗಿನ ವಯರುಗಳ ಜಾಗ ಬದಲಿಸಿತು. ತನ್ನದೇ ಜಾಯ್‌ಸ್ಟಿಕ್ ಮಾರುವ ಹಂಚಿಕೆಯಲ್ಲದೆ ಇನ್ನೇನು?

ನಮ್ಮ ಟಿವಿ ಗೇಮಿನ ಕಥೆ ಬೇರೆ. ಅದರ ರಿಮೋಟಿನೊಳಗೆ ಒಂದು ಚಿಪ್ ಇದೆ. ಪೆಟ್ಟಿಗೆ ಕೇಳಿದಾಗ ಎಂಟು ಗುಂಡಿಗಳ ಸ್ಥಿತಿಯನ್ನು ಆ ಚಿಪ್ ಒಂದೇ ವಯರಿನಲ್ಲಿ ಸಾಲಾಗಿ ಕಳಿಸುತ್ತದೆ: ಮೊದಲು ಎ, ಆಮೇಲೆ ಬಿ, ಸೆಲೆಕ್ಟ್, ಸ್ಟಾರ್ಟ್, ಕೊನೆಗೆ ನಾಲ್ಕು ದಿಕ್ಕು. ಇದನ್ನು ಅಟಾರಿಗೆ ಚುಚ್ಚಿದರೆ ಸರಿಯಾಗಿ ಕೂರುತ್ತದೆ, ಆಟ ಮಾತ್ರ ಆಗದು. ಅಟಾರಿ ಜಾಯ್‌ಸ್ಟಿಕ್ಕನ್ನು ಟಿವಿ ಗೇಮಿಗೆ ಚುಚ್ಚಿದರೆ ಅಪಾಯ. ಈ ನಕಲಿಗಳಲ್ಲಿ ಸಾಮಾನ್ಯವಾಗಿ 6ನೇ ಪಿನ್ನಿಗೆ ಐದು ವೋಲ್ಟ್ ಬರುತ್ತದೆ, 8 ಗ್ರೌಂಡ್. ಅಟಾರಿ ಜಾಯ್‌ಸ್ಟಿಕ್ ಹಾಕಿ ಗುಂಡು ಹೊಡೆದರೆ ಆ ಎರಡೂ ನೇರ ಕೂಡಿ ಶಾರ್ಟ್ ಆಗುತ್ತದೆ.

ಸೆಗಾ ಮೆಗಾಡ್ರೈವ್ ಎಂಬ ಆಟದ ಪೆಟ್ಟಿಗೆಯದೂ ಒಂಬತ್ತೇ ಪಿನ್, ರಿಮೋಟಿನೊಳಗೆ ಬೇರೊಂದು ಚಿಪ್. ಆದ್ದರಿಂದ ಅಟ್ಟದಿಂದ ಇಳಿಸಿದ ಹಳೆಯ ರಿಮೋಟನ್ನು ಸಿಕ್ಕ ಪೆಟ್ಟಿಗೆಗೆ ಚುಚ್ಚುವ ಮೊದಲು ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು 8 ಮತ್ತು 6ರ ನಡುವೆ ಹಿಡಿಯಿರಿ. ಗುಂಡಿ ಒತ್ತಿದಾಗಷ್ಟೇ ಬೀಪ್ ಬಂದರೆ ಅದು ಅಟಾರಿ ಜಾತಿಯದು. ಯಾವ ಗುಂಡಿಗೂ ಸದ್ದಿಲ್ಲದಿದ್ದರೆ ಸ್ಕ್ರೂ ಬಿಚ್ಚಿ ನೋಡಿ. ಒಳಗೆ ಚಿಪ್ ಕಂಡರೆ ಅದರದೇ ಪೆಟ್ಟಿಗೆ ಹುಡುಕಬೇಕು. ಚಿಪ್ ಇಲ್ಲವಾದರೆ ಯಾವ ವಯರು ಎಲ್ಲಿಗೆಂದು ಬರೆದುಕೊಂಡು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹೊಸ ಪ್ಲಗ್ ತಂದು ಬೆಸೆಯಬಹುದು.