ಓರೆಯಾಗಿ ನಿಂತ ಚೌಕ

ಕಳೆದ ತಿಂಗಳು ನನ್ನ ಎಡಗಣ್ಣಿನ ಪೊರೆ ತೆಗೆದು, ಪಟ್ಟಿ ಹಾಕಿ ಮನೆಗೆ ಕಳಿಸಿದರು. ಬಲಗಣ್ಣಿಗೂ ಪೊರೆ ಬಂದಿದೆ, ಅದರಲ್ಲಿ ಎಲ್ಲವೂ ಮಂಜು ಮಂಜು. ಸುಮ್ಮನೆ ಕೂತಿದ್ದ ನನ್ನ ಬಳಿಗೆ ಐದನೇ ತರಗತಿಯ ಮೊಮ್ಮಗಳು ಬಂದು ಧೊಪ್ಪೆಂದು ಕುಳಿತಳು.

“ಅಜ್ಜಿ, ನಂಗೆ ಗಣಿತ ಬರಲ್ಲ. ಇನ್ಮೇಲೆ ಕ್ಲಾಸಲ್ಲಿ ಕೈ ಎತ್ತಲ್ಲ.”

ಹಲಗೆಯ ಮೇಲಿನ ಆಕೃತಿಯನ್ನು ಇವಳು ವಜ್ರಾಕೃತಿ ಎಂದಳಂತೆ. ಅದು ಚೌಕ ಎಂದು ಗೆಳತಿಯರು ನಕ್ಕರಂತೆ.

ನನ್ನೆದೆ ಚುರುಕ್ ಎಂದಿತು. ಇದೇ ವಯಸ್ಸಿನಲ್ಲಿ ನಾನೂ ಹೀಗೆ ಕೈ ಇಳಿಸಿದವಳು. ಆಮೇಲೆ ಎತ್ತಲೇ ಇಲ್ಲ.

“ಪುಟ್ಟಿ, ನಂಗೆ ಕಣ್ಣು ಕಾಣಲ್ಲ. ಆ ಆಕೃತಿಯ ಹೆಸರು ಹೇಳದೆ, ಅದು ಹೇಗಿತ್ತು ಅಂತ ಹೇಳು” ಎಂದೆ.

“ಒಂದು ಮೂಲೆ ಮೇಲೆ, ಒಂದು ಕೆಳಗೆ. ಗಾಳಿಪಟದ ಥರ.”

“ಅದು ನಿಂತ ರೀತಿ ಆಯ್ತು. ನೀನು ಮಲಗಿದರೂ ಕೂತರೂ ನೀನೇ ತಾನೆ? ಬಾಹು ಎಷ್ಟು, ಮೂಲೆ ಹೇಗಿವೆ, ಅದನ್ನು ಹೇಳು.”

ಅವಳು ನೋಟ್‌ಬುಕ್ಕಿನಲ್ಲಿ ನಕಲು ಮಾಡಿಕೊಂಡಿದ್ದ ಚಿತ್ರವನ್ನು ತಂದು ಸ್ಕೇಲ್ ಇಟ್ಟು ಅಳೆದಳು. ನಾಲ್ಕು ಬಾಹುಗಳೂ 5 ಸೆಂ.ಮೀ. ಮೂಲೆ ನೋಡಲು ಒಂದು ಉಪಾಯ ಹೇಳಿಕೊಟ್ಟೆ. ಯಾವುದಾದರೂ ಕಾಗದದ ಚೂರನ್ನು ಒಮ್ಮೆ ಮಡಿಸಿ. ಆ ಮಡಿಕೆಯ ಗೆರೆ ತನ್ನ ಮೇಲೆಯೇ ಕೂರುವಂತೆ ಇನ್ನೊಮ್ಮೆ ಮಡಿಸಿ. ಆಗ ಸಿಗುವ ಮೂಲೆಯೇ ಲಂಬಕೋನ, ಅಂದರೆ 90 ಡಿಗ್ರಿ. ಅದು ನಾಲ್ಕೂ ಮೂಲೆಗಳಲ್ಲಿ ಸರಿಯಾಗಿ ಕೂತಿತು.

“ಬಾಹು ಸಮ, ಮೂಲೆ ಎಲ್ಲ ಲಂಬಕೋನ...” ಎನ್ನುತ್ತ ಪುಸ್ತಕ ತಿರುಗಿಸಿದ ಸದ್ದು ಕೇಳಿತು. “ಅಯ್ಯೋ, ಓರೆಯಾಗಿ ನಿಂತ ಚೌಕ ಅಜ್ಜಿ ಇದು!”

“ಈಗ ಡಬ್ಬಿಯಿಂದ ಕೊಬ್ಬರಿ ಮಿಠಾಯಿ ತಾ.”

ಅವಳಮ್ಮ ಕೊಯ್ದಿದ್ದ ತುಂಡನ್ನು ಅಳೆದಳು. ಬಾಹುಗಳು ಸಮ. ಆದರೆ ಎರಡು ಮೂಲೆ ಚೂಪು, ಎರಡು ಅಗಲ. ಕಾಗದದ ಮೂಲೆ ಎಲ್ಲೂ ಕೂರಲಿಲ್ಲ. ತಟ್ಟೆಯ ಮೇಲೆ ಸಮ ಅಂತರದಲ್ಲಿ ಗೆರೆ ಎಳೆದು, ಅಷ್ಟೇ ಅಂತರದಲ್ಲಿ ನೇರ ಅಡ್ಡಗೆರೆ ಎಳೆದರೆ ಚೌಕ. ಅಡ್ಡಗೆರೆಗಳನ್ನು ಓರೆಯಾಗಿ ಎಳೆದರೆ ಇಂಥ ವಜ್ರಾಕೃತಿ.

ತುಂಡು ಬಾಯಿಗಿಟ್ಟುಕೊಂಡವಳು ಓಡಿಹೋಗಿ, ಎಂಟನೇ ತರಗತಿಯ ಅಣ್ಣನ ಪುಸ್ತಕ ತಂದಳು. “ಅಜ್ಜಿ! ನಾಲ್ಕು ಬಾಹು ಸಮ ಇದ್ದರೆ ಸಾಕು, ಅದು ವಜ್ರಾಕೃತಿ. ಹಾಗಾದ್ರೆ ಚೌಕವೂ ವಜ್ರಾಕೃತಿನೇ ಅಲ್ವಾ? ನಾನು ಹೇಳಿದ್ದು ತಪ್ಪಲ್ಲ!”

ಹೌದಲ್ಲ! ಎಲ್ಲ ಚೌಕಗಳೂ ವಜ್ರಾಕೃತಿಗಳೇ, ಆದರೆ ಎಲ್ಲ ವಜ್ರಾಕೃತಿಗಳೂ ಚೌಕಗಳಲ್ಲ. ಗೆಳತಿಯರೂ ಸರಿ, ಇವಳೂ ಸರಿ. ಇಷ್ಟು ವರ್ಷ ಮಿಠಾಯಿ ಕೊಯ್ದ ನನಗೂ ಇದು ಹೊಳೆದಿರಲಿಲ್ಲ.

ಮರುದಿನ ಕಣ್ಣಿನ ಪಟ್ಟಿ ತೆಗೆದರು. ಸಂಜೆ ಶಾಲೆಯಿಂದ ಬಂದವಳ ಮುಖ ನನಗೆ ಸ್ಪಷ್ಟವಾಗಿ ಕಂಡಿತು. “ಕೈ ಎತ್ತಿದೆ ಅಜ್ಜಿ. ಹಲಗೆ ಹತ್ತಿರ ಕರೆದು ಎಲ್ಲರಿಗೂ ವಿವರಿಸು ಅಂದ್ರು.”

ಮಕ್ಕಳೇ, ನೀವೂ ಅಜ್ಜ ಅಜ್ಜಿಯ ಜೊತೆ ಬೆನ್ನಿಗೆ ಬೆನ್ನು ಕೊಟ್ಟು ಕೂತು ಈ ಆಟ ಆಡಿ. ಒಬ್ಬರು ಹೆಸರು ಹೇಳದೆ ಆಕೃತಿಯನ್ನು ವಿವರಿಸಬೇಕು, ಇನ್ನೊಬ್ಬರು ಬರೆಯಬೇಕು. “ಎದುರುಬದುರು ಬಾಹುಗಳು ಸಮ, ನಾಲ್ಕೂ ಲಂಬಕೋನ” ಎಂದರೆ ಆಯತ. “ನಡುವಿನ ಚುಕ್ಕಿಯಿಂದ ಅಂಚಿಗೆ ಎತ್ತ ಅಳೆದರೂ ಒಂದೇ ದೂರ” ಎಂದರೆ ವೃತ್ತ. ತ್ರಿಭುಜಕ್ಕೆ ಏನು ಹೇಳುತ್ತೀರಿ, ನೀವೇ ಯೋಚಿಸಿ.

ಮುಂದಿನ ತಿಂಗಳು ನನ್ನ ಬಲಗಣ್ಣಿನ ಸರದಿ. ಆ ದಿನಕ್ಕೆಂದು ನಮ್ಮ ಪುಟ್ಟಿ ಈಗಲೇ ಹೊಸ ಆಕೃತಿಗಳನ್ನು ಹುಡುಕಿ ಇಟ್ಟುಕೊಂಡಿದ್ದಾಳೆ.