ನಾಡಿ ಏರಲಿಲ್ಲವೆಂದು ಗುಳಿಗೆ ಬಿಡಬೇಡಿ

ಪಟಾನ್‌ಚೆರು: "ಹದಿನೈದು ವರ್ಷ ಆಯ್ತು ಬಿ.ಪಿ. ಗುಳಿಗಿ ನುಂಗಲಾಕತ್ತು. ಎಷ್ಟು ಜೋರು ನಡೆದರೂ ನಾಡಿ ನೂರು ದಾಟಂಗಿಲ್ಲ. ಗುಳಿಗಿನೇ ಹಾರ್ಟ್ ವೀಕ್ ಮಾಡ್ಯಾದೇನು?"

ಬೀದರ್, ಕಲಬುರಗಿ ಕಡೆಯಿಂದ ಇಲ್ಲಿನ ಕಾರ್ಖಾನೆಗಳಿಗೆ ಬಂದು ನಿವೃತ್ತರಾದ ನಮ್ಮವರು ಬೆಳಗಿನ ವಾಕಿಂಗ್‌ನಲ್ಲಿ ಕೂಡಿದಾಗ ಇಂಥ ಮಾತು ಬರುವುದುಂಟು. ಮಾತಿಗೇ ನಿಂತರೆ ಚಿಂತೆಯಿಲ್ಲ. ತಾವಾಗಿಯೇ ಗುಳಿಗೆ ಬಿಡುವವರಿದ್ದಾರೆ, ಅಪಾಯ ಅಲ್ಲಿದೆ.

ಅಟೆನೊಲಾಲ್, ಮೆಟೊಪ್ರೊಲಾಲ್ ಎಂಬ ಹೆಸರು ನಿಮ್ಮ ಚೀಟಿಯಲ್ಲಿದ್ದರೆ ಅದು ಬೀಟಾ ಬ್ಲಾಕರ್. ಈ ಗುಂಪಿನ ಔಷಧ ರೂಪಿಸಿದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಅಡ್ರಿನಲಿನ್ ಹೃದಯವನ್ನು ಓಡಿಸದಂತೆ ತಡೆಯುವುದೇ ಇದರ ಕೆಲಸ. ನಾಡಿ ಏರದಿರುವುದು ಗುಳಿಗೆಯ ಗುಣ, ಹೃದಯ ಸೋತ ಗುರುತಲ್ಲ. ಹಾಗಾಗಿ 220ರಲ್ಲಿ ವಯಸ್ಸು ಕಳೆದು ನಾಡಿಯ ಗುರಿ ಇಟ್ಟುಕೊಳ್ಳುವ ಜಿಮ್ ಲೆಕ್ಕ ಇಂಥವರಿಗೆ ಹೊಂದದು. ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು: ಅಷ್ಟು ಬಿರುಸಿನ ನಡಿಗೆ ಸಾಕು. ಕೈಗಡಿಯಾರದ ಅಂಕಿ ಬೇಡ. ಮೊದಮೊದಲು ಬೇಗ ದಣಿವಾಗಬಹುದು, ಡಾಕ್ಟರಿಗೆ ಹೇಳಿ.

ಹೃದಯವನ್ನು ನಿಜವಾಗಿ ಕೆಡಿಸುವುದು ಹತೋಟಿಯಿಲ್ಲದ ಬಿ.ಪಿ. ಒತ್ತಡದ ವಿರುದ್ಧ ವರ್ಷಗಟ್ಟಲೆ ದುಡಿದು ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗುತ್ತದೆ, ಬಿಗಿಯಾಗುತ್ತದೆ. ಒತ್ತಡ ಹತೋಟಿಯಲ್ಲಿದ್ದರೆ ಆ ದಪ್ಪ ಎಷ್ಟೋ ಜನರಲ್ಲಿ ಇಳಿಯುತ್ತದೆ.

ಎಲ್ಲ ಗುಳಿಗೆಯೂ ಒಂದೇ ಅಲ್ಲ. ಅಮ್ಲೋಡಿಪಿನ್, ಟೆಲ್ಮಿಸಾರ್ಟಾನ್ ನಾಡಿಯನ್ನು ಹೀಗೆ ಕಟ್ಟಿಹಾಕುವುದಿಲ್ಲ. ಅಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ. ಮೂತ್ರ ಹೆಚ್ಚಿಸುವ ಗುಳಿಗೆಯವರು ಇಲ್ಲಿಯ ಮೇ ತಿಂಗಳ ಬಿಸಿಲಲ್ಲಿ ನಡೆದರೆ ನೀರು, ಲವಣ ಎರಡೂ ಇಳಿದು ತಲೆ ಸುತ್ತೀತು. ಯಾವ ಗುಳಿಗೆಯವರೇ ಆಗಲಿ, ಬಿರುಸಾಗಿ ನಡೆದು ಥಟ್ಟನೆ ನಿಲ್ಲಬೇಡಿ. ಕೊನೆಯ ಐದು ನಿಮಿಷ ನಿಧಾನ ನಡೆಯಿರಿ.

ನಡೆಯುವಾಗ ಎದೆ ಬಿಗಿದರೆ, ಕಣ್ಣು ಕತ್ತಲಿಟ್ಟರೆ, ನಿನ್ನೆ ಹತ್ತಿದ ಮೆಟ್ಟಿಲಿಗೆ ಇಂದು ಏದುಸಿರು ಬಂದರೆ ಮಾತ್ರ ಗುಳಿಗೆಯ ಮೇಲೆ ಹಾಕಿ ಸುಮ್ಮನಿರಬೇಡಿ. ತಡಮಾಡದೆ ಡಾಕ್ಟರನ್ನು ಕಾಣಿ.

ಇನ್ನು, ಊರ ಜಾತ್ರೆಗೆ ಹೊರಟು ಗುಳಿಗೆ ಡಬ್ಬಿ ಮನೆಯಲ್ಲೇ ಮರೆಯುವವರು. ಬೀಟಾ ಬ್ಲಾಕರ್ ಒಮ್ಮೆಲೇ ನಿಂತರೆ ನಾಡಿ, ಬಿ.ಪಿ. ಎರಡೂ ಜಿಗಿದು, ಹೃದ್ರೋಗಿಗಳಿಗೆ ಎದೆನೋವು, ಹೃದಯಾಘಾತವೂ ಆಗಬಹುದು. ಬಿಡಬೇಕಾದರೂ ಡಾಕ್ಟರು ಹಂತಹಂತವಾಗಿ ಇಳಿಸುತ್ತಾರೆ. 2017ರಲ್ಲಿ ಆರಂಭವಾದ ಭಾರತ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದ ಮೊದಲ ಐದು ರಾಜ್ಯಗಳಲ್ಲಿ ತೆಲಂಗಾಣವೂ ಇತ್ತು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿ.ಪಿ. ತಪಾಸಣೆಯೂ ಗುಳಿಗೆಯೂ ಉಚಿತ. ಹೋಗುವಾಗ ಹಳೆಯ ಚೀಟಿ ಜೊತೆಗಿರಲಿ.